ತೈಲ ಬೆಲೆ ಬಿದ್ದಾಗ ಮೊದಲು ನಿಲ್ಲೋದು ಕೆಲಸ

ಕಚ್ಚಾ ತೈಲದ ಬೆಲೆ ಇಳಿಯಿತು ಅಂದರೆ ಕೊಂಡು ಬಳಸುವವರಿಗೆಲ್ಲ ಒಳ್ಳೆ ಸುದ್ದಿ. ಆಮದಿನ ಬಿಲ್ ಕಡಿಮೆ ಆಗುತ್ತದೆ, ಸಾಗಾಟದ ಖರ್ಚು ಇಳಿಯುತ್ತದೆ, ವಿಮಾನ ಕಂಪನಿಗಳ ಷೇರು ಮೇಲೇಳುತ್ತದೆ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಕೊನೆಯಲ್ಲಿ ಎಲ್ಲೋ ಒಂದು ಸಾಲು ಇರುತ್ತದೆ, ‘ತೈಲ ಉತ್ಪಾದಿಸುವ ದೇಶಗಳಿಗೆ ಹೊಡೆತ’ ಅಂತ. ಆ ಒಂದು ಸಾಲು ನನಗೆ ಸಾಲುವುದಿಲ್ಲ. ದೇಶಕ್ಕೆ ಹೊಡೆತ ಅಂದರೆ ಯಾರಿಗೆ? ಮೊದಲು ಯಾರ ಮನೆಗೆ ಬೀಳುತ್ತದೆ, ಯಾವ ದಾರಿ ಹಿಡಿದು ಬರುತ್ತದೆ, ಯಾರಿಗೆ ಐದು ವರ್ಷ ತಡವಾಗಿ ತಟ್ಟುತ್ತದೆ? ಇದನ್ನೇ ಹಿಡಿದು ಕೆಲವು ಕಾಲದಿಂದ ಓದುತ್ತಾ ಬಂದಿದ್ದೇನೆ. ಓದಿದ್ದನ್ನು ಒಂದು ಕಡೆ ಬರೆದಿಡಬೇಕು ಅನಿಸಿತು.

2014ರಿಂದ ಶುರು ಮಾಡೋಣ. ಆ ವರ್ಷ ಜೂನ್‌ನಲ್ಲಿ ಬ್ರೆಂಟ್ ಕಚ್ಚಾ ತೈಲ (ಜಗತ್ತಿನ ತೈಲ ಬೆಲೆಗೆ ಅಳತೆಗೋಲು) ಬ್ಯಾರೆಲ್‌ಗೆ ಸುಮಾರು 115 ಡಾಲರ್ ಇತ್ತು. ಅಮೆರಿಕದಲ್ಲಿ ಶೇಲ್ ಬಂಡೆಯಿಂದ ತೆಗೆಯುವ ತೈಲ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿತ್ತು, ಕೊಳ್ಳುವವರು ಅಷ್ಟು ಬೇಗ ಜಾಸ್ತಿ ಆಗುತ್ತಿರಲಿಲ್ಲ. ಬೆಲೆ ಜಾರತೊಡಗಿತು. ನವೆಂಬರ್ 27ರಂದು ವಿಯೆನ್ನಾದಲ್ಲಿ ಸೇರಿದ ಒಪೆಕ್ (ತೈಲ ರಫ್ತು ಮಾಡುವ ದೇಶಗಳ ಕೂಟ) ದೇಶಗಳು ಉತ್ಪಾದನೆ ಕಡಿಮೆ ಮಾಡುತ್ತವೆ ಅಂತ ಬಹಳ ಜನ ಕಾದಿದ್ದರು. ಅವು ಮಾಡಲಿಲ್ಲ. ಸೌದಿ ಅರೇಬಿಯಾ ತನ್ನ ಪಾಲಿನ ಗಿರಾಕಿಗಳನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 2016ರ ಜನವರಿ ಹೊತ್ತಿಗೆ ಬೆಲೆ 30 ಡಾಲರ್‌ಗಿಂತ ಕೆಳಗೆ ಹೋಗಿತ್ತು.

ಇನ್ನು ವಿಲಿಸ್ಟನ್‌ಗೆ ಬರೋಣ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಪಟ್ಟಣ ಅದು, ಬಾಕೆನ್ ಎಂಬ ಶೇಲ್ ಪ್ರದೇಶದ ನಡುವೆ ಇದೆ. 2010ರ ಜನಗಣತಿಯಲ್ಲಿ ಅಲ್ಲಿದ್ದವರು 14,716 ಜನ. 2020ಕ್ಕೆ 29,160. ಹತ್ತು ವರ್ಷದಲ್ಲಿ ಊರು ಇಮ್ಮಡಿ. ತೈಲದ ಭರಾಟೆ ಜೋರಾಗಿದ್ದ ದಿನಗಳಲ್ಲಿ ಮಲಗಲು ಜಾಗ ಇಲ್ಲದೆ ಕೆಲಸಗಾರರು ಪಾರ್ಕಿಂಗ್ ಜಾಗದಲ್ಲಿ ಗಾಡಿಯೊಳಗೇ ಮಲಗುತ್ತಿದ್ದರು, ಊರಾಚೆ ಸಾಲುಸಾಲು ತಗಡಿನ ಪೆಟ್ಟಿಗೆಗಳಂಥ ಕೆಲಸಗಾರರ ಶಿಬಿರಗಳು ಎದ್ದಿದ್ದವು. 2014ರಲ್ಲಿ ಒಂದು ಬೆಡ್‌ರೂಮ್ ಮನೆಯ ಬಾಡಿಗೆ ತಿಂಗಳಿಗೆ 2,000 ಡಾಲರ್ ದಾಟಿ, ನ್ಯೂಯಾರ್ಕ್‌ಗಿಂತ ದುಬಾರಿ ಊರು ಅಂತ ಸುದ್ದಿಯಾಗಿತ್ತು.

ಬೆಲೆ ಬಿತ್ತು. ಆಮೇಲೆ ಆಗಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಡೀ ವಿಷಯದ ಗುಟ್ಟು ಇಲ್ಲೇ ಇದೆ.

2014ರ ಕೊನೆಯಲ್ಲಿ ನಾರ್ತ್ ಡಕೋಟಾದಲ್ಲಿ ತೈಲ ಬಾವಿ ಕೊರೆಯುವ ರಿಗ್‌ಗಳು ಸುಮಾರು 190 ಇದ್ದವು. 2016ರ ಮೇ ಹೊತ್ತಿಗೆ 30ಕ್ಕಿಂತ ಕಡಿಮೆ. ಅಂದರೆ ಆರರಲ್ಲಿ ಐದು ರಿಗ್ ನಿಂತುಹೋದವು. ಹಾಗಾದರೆ ತೈಲವೂ ಅಷ್ಟೇ ಕಡಿಮೆ ಆಗಿರಬೇಕು ಅಲ್ವಾ? ಇಲ್ಲ. 2014ರ ಡಿಸೆಂಬರ್‌ನಲ್ಲಿ ರಾಜ್ಯ ದಿನಕ್ಕೆ 12 ಲಕ್ಷ ಬ್ಯಾರೆಲ್‌ಗಿಂತ ಸ್ವಲ್ಪ ಜಾಸ್ತಿ ತೆಗೆಯುತ್ತಿತ್ತು. ಎರಡು ವರ್ಷದ ನಂತರವೂ 9 ಲಕ್ಷಕ್ಕಿಂತ ಜಾಸ್ತಿ ತೆಗೆಯುತ್ತಿತ್ತು. ಕೊರೆಯುವ ಕೆಲಸ ಹೆಚ್ಚುಕಡಿಮೆ ಪೂರ್ತಿ ನಿಂತರೂ ತೈಲ ಕಾಲು ಭಾಗದಷ್ಟು ಮಾತ್ರ ಕಡಿಮೆ ಆಯಿತು.

ಬೋರ್‌ವೆಲ್ ಕೊರೆಸಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಕೊರೆಯುವಾಗ ಲಾರಿ ಬೇಕು, ಹತ್ತಾರು ಜನ ಬೇಕು, ಪೈಪ್ ಬೇಕು, ರಾತ್ರಿಯೆಲ್ಲ ಗದ್ದಲ. ನೀರು ಬಂದಮೇಲೆ ಮೋಟಾರ್ ಸ್ವಿಚ್ ಹಾಕಲು ಒಬ್ಬರು ಸಾಕು. ತೈಲ ಬಾವಿಯೂ ಹಾಗೇ. ರಿಗ್ ನಡೆಸುವವರು, ಕೇಸಿಂಗ್ ಪೈಪ್ ಇಳಿಸುವವರು, ಸಿಮೆಂಟ್ ತುಂಬುವವರು, ಒತ್ತಡದಲ್ಲಿ ನೀರು ಮತ್ತು ಮರಳು ನುಗ್ಗಿಸಿ ಬಂಡೆ ಸೀಳುವ ಫ್ರ್ಯಾಕಿಂಗ್ ತಂಡ, ಆ ನೀರು ತರುವ ಲಾರಿಗಳು, ಆ ಮರಳು ತರುವ ಲಾರಿಗಳು. ಒಂದು ಬಾವಿಗೆ ಸಾವಿರಕ್ಕೂ ಹೆಚ್ಚು ಲಾರಿ ಟ್ರಿಪ್ ಬೇಕಾಗುತ್ತಿತ್ತು. ಲಾರಿ ಡ್ರೈವರ್‌ಗೆ ಊಟ ಬೇಕು, ಟೈರ್ ಬೇಕು, ಮಲಗಲು ಕೋಣೆ ಬೇಕು. ಊರು ಬದುಕಿದ್ದು ಇದರ ಮೇಲೆ. ಬಾವಿ ಒಮ್ಮೆ ಹರಿಯಲು ಶುರುವಾದರೆ ಅದನ್ನು ನಡೆಸುವ ಖರ್ಚು ಬಹಳ ಕಡಿಮೆ, ಹಾಗಾಗಿ ಬೆಲೆ ಬಿದ್ದರೂ ಕಂಪನಿ ಅದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸೋದು ಮುಂದಿನ ಬಾವಿಯನ್ನು. ಕೆಲವು ಕಡೆ ಬಾವಿ ಕೊರೆದು, ಫ್ರ್ಯಾಕಿಂಗ್ ಮಾಡಿಸದೆ, ಬೆಲೆ ಏರಲಿ ಅಂತ ಸುಮ್ನೆ ಬಿಟ್ಟರು. ತೈಲ ನೆಲದಲ್ಲೇ ಇರುತ್ತದೆ, ಎಲ್ಲೂ ಓಡಿಹೋಗಲ್ಲ. ಲಾರಿಯ ಕಂತು ಕಟ್ಟಬೇಕಾದ ಡ್ರೈವರ್ ಹಾಗೆ ಕಾಯಲಾರ.

ಇಡೀ ಅಮೆರಿಕದ ಲೆಕ್ಕವೂ ಇದೇ ದಾರಿ ಹಿಡಿಯಿತು. 2014ರ ಅಕ್ಟೋಬರ್‌ನಲ್ಲಿ ತೈಲದ ರಿಗ್‌ಗಳು 1,609. 2016ರ ಮೇನಲ್ಲಿ 316. ಅದಕ್ಕೇ ನಾನು ತೈಲ ಪ್ರದೇಶಗಳ ಸುದ್ದಿ ಓದುವಾಗ ಉತ್ಪಾದನೆಯ ಅಂಕಿಯನ್ನು ಅಷ್ಟಾಗಿ ನಂಬುವುದಿಲ್ಲ. ‘ಉತ್ಪಾದನೆ ಸ್ಥಿರವಾಗಿದೆ’ ಅಂತ ವರದಿ ಬರುವ ದಿನವೇ ಅಲ್ಲಿ ಅರ್ಧ ಊರಿಗೆ ಕೆಲಸ ಇರುವುದಿಲ್ಲ. ಅದೂ ಒಂದೇ ಸಲ ಹೋಗುವುದಿಲ್ಲ. ಮೊದಲು ಓವರ್‌ಟೈಮ್ ಹೋಗುತ್ತದೆ, ಮತ್ತು ರಿಗ್ ಕೆಲಸದಲ್ಲಿ ಕೈಗೆ ಬರುವ ಸಂಬಳದ ದೊಡ್ಡ ಪಾಲು ಓವರ್‌ಟೈಮೇ. ಆಮೇಲೆ ಗುತ್ತಿಗೆಯವರು. ಆಮೇಲೆ ಬಾವಿಯ ಕೆಲಸ ಮಾಡಿಕೊಡುವ ಸಣ್ಣ ಸರ್ವಿಸ್ ಕಂಪನಿಗಳು, ಯಾಕೆಂದರೆ ದೊಡ್ಡ ಕಂಪನಿ ಅವರಿಗೆ ‘ದರ ಇಳಿಸಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ’ ಅನ್ನುತ್ತದೆ. ಹೊಡೆತ ಗಡಿ ದಾಟಿಯೂ ಹೋಗುತ್ತದೆ. ಆ ಫ್ರ್ಯಾಕಿಂಗ್ ಮರಳು ಬರುತ್ತಿದ್ದದ್ದು ದೂರದ ವಿಸ್ಕಾನ್ಸಿನ್ ರಾಜ್ಯದಿಂದ. ಅಲ್ಲಿ ಒಂದು ಹನಿ ತೈಲವೂ ಸಿಗಲ್ಲ, ಆದರೂ ಅಲ್ಲಿನ ಮರಳು ಗಣಿಗಳಲ್ಲಿ ಜನ ಕೆಲಸ ಕಳೆದುಕೊಂಡರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಬೆಲೆ ಬಿದ್ದಾಗ ಊರಲ್ಲಿ ಎಲ್ಲರೂ ಅತ್ತರು ಅನ್ನೋದು ನಿಜ ಅಲ್ಲ. ಭರಾಟೆಯ ಕಾಲದಲ್ಲಿ ಬಾಡಿಗೆ ಕೊಡಲಾಗದೆ ಹೊರಬಿದ್ದವರು ಇದ್ದರಲ್ಲ, ಪಿಂಚಣಿಯ ಮೇಲೆ ಬದುಕುವ ಹಿರಿಯರು, ಶಾಲೆಯ ಟೀಚರ್‌ಗಳು, ಆಸ್ಪತ್ರೆಯ ನರ್ಸ್‌ಗಳು, ಅವರಿಗೆ ಬಾಡಿಗೆ ಇಳಿದದ್ದು ಉಸಿರು ಬಿಟ್ಟ ಹಾಗೆ ಆಯಿತು. ರಸ್ತೆ ಮೇಲೆ ಲಾರಿ ಕಡಿಮೆಯಾದವು. ತೈಲ ಊರಿನ ಒಳಗೇ ಎರಡು ಊರು ಇರುತ್ತವೆ, ತೈಲದ ಸಂಬಳ ಪಡೆಯುವವರದು ಒಂದು, ಆ ಸಂಬಳಕ್ಕೆ ತಕ್ಕ ಬೆಲೆಗಳನ್ನು ಮಾತ್ರ ಹೊರುವವರದು ಇನ್ನೊಂದು. ಎರಡನೆಯವರ ಬಗ್ಗೆ ಯಾರೂ ಬರೆಯುವುದಿಲ್ಲ.

ಆದರೆ ಅವರಿಗೂ ಆ ನೆಮ್ಮದಿ ಬಹಳ ದಿನ ಉಳಿಯಲ್ಲ, ಯಾಕೆಂದರೆ ಮುಂದಿನ ಹೊಡೆತ ಬೀಳೋದು ನಗರಸಭೆಯ ಖಜಾನೆಗೆ. ಊರು ಬೆಳೆಯುವಾಗ ರಸ್ತೆ, ಒಳಚರಂಡಿ, ನೀರಿನ ಪೈಪು ಎಲ್ಲ ಮೊದಲೇ ಹಾಕಬೇಕು. ಅದಕ್ಕೆ ಸಾಲ ಬೇಕು. ಸಾಲ ತೀರಿಸುವ ಲೆಕ್ಕ ಮುಂದೆ ಬರುವ ತೆರಿಗೆಯ ಮೇಲೆ ಹಾಕಿರುತ್ತಾರೆ. ಕೊರೆಯುವ ಕೆಲಸ ನಿಂತರೆ ಪೈಪು, ಯಂತ್ರ, ಲಾರಿ ಮಾರಾಟ ನಿಲ್ಲುತ್ತದೆ, ಮಾರಾಟ ತೆರಿಗೆ ಪಾತಾಳಕ್ಕೆ ಇಳಿಯುತ್ತದೆ. ಸಾಲದ ಕಂತು ಮಾತ್ರ ತೈಲ ಬೆಲೆ ನೋಡಿಕೊಂಡು ಇಳಿಯಲ್ಲ.

ನಗರಸಭೆಯ ಲೆಕ್ಕ ಅಂದರೆ ಬಹಳ ಜನಕ್ಕೆ ಬೋರು. ನನಗೆ ಮಾತ್ರ ಇದರಲ್ಲಿ ಎಲ್ಲಕ್ಕಿಂತ ತಟ್ಟಿದ ಉದಾಹರಣೆ ಅದೇ, ಕೆನಡಾದ ಕ್ಯಾಲ್ಗರಿ ನಗರದ್ದು. ಆಲ್ಬರ್ಟಾ ಪ್ರಾಂತ್ಯದ ತೈಲ ಕಂಪನಿಗಳ ಮುಖ್ಯ ಕಚೇರಿಗಳೆಲ್ಲ ಅಲ್ಲಿನ ಡೌನ್‌ಟೌನ್‌ನ ಎತ್ತರದ ಕಟ್ಟಡಗಳಲ್ಲಿದ್ದವು. ಬೆಲೆ ಬಿದ್ದಮೇಲೆ ಕಂಪನಿಗಳು ಜನರನ್ನು ತೆಗೆದವು, ಮಹಡಿಗಳನ್ನು ಖಾಲಿ ಮಾಡಿದವು. ಡೌನ್‌ಟೌನ್ ಕಚೇರಿ ಜಾಗದಲ್ಲಿ ಸುಮಾರು ಕಾಲು ಭಾಗ ಖಾಲಿ ಬಿತ್ತು. ಖಾಲಿ ಕಟ್ಟಡಕ್ಕೆ ಬೆಲೆ ಇರಲ್ಲ, ಹಾಗಾಗಿ ಅವುಗಳ ಆಸ್ತಿ ಮೌಲ್ಯ ನೂರಾರು ಕೋಟಿ ಡಾಲರ್ ಇಳಿಯಿತು.

ಅಲ್ಲಿ ಆಸ್ತಿ ತೆರಿಗೆ ನಡೆಯುವ ರೀತಿ ಹೀಗೆ. ನಗರ ಮೊದಲು ಒಟ್ಟು ಎಷ್ಟು ದುಡ್ಡು ಬೇಕು ಅಂತ ನಿರ್ಧರಿಸುತ್ತದೆ, ಅದರಲ್ಲಿ ಮನೆಗಳ ಪಾಲು, ವ್ಯಾಪಾರದ ಆಸ್ತಿಗಳ ಪಾಲು ಬೇರೆ ಮಾಡುತ್ತದೆ, ಆಮೇಲೆ ಆಯಾ ಪಾಲನ್ನು ಆಸ್ತಿಗಳ ಮೌಲ್ಯಕ್ಕೆ ತಕ್ಕಂತೆ ಹಂಚುತ್ತದೆ. ಡೌನ್‌ಟೌನ್ ಕಟ್ಟಡಗಳ ಮೌಲ್ಯ ಇಳಿದರೆ ಅವುಗಳ ಪಾಲಿನ ತೆರಿಗೆ ಮಾಯ ಆಗಲ್ಲ. ಊರಿನ ಬೇರೆ ಕಡೆ ಇರುವ ವ್ಯಾಪಾರಿಗಳ ತಲೆ ಮೇಲೆ ಬಂದು ಕೂರುತ್ತದೆ. ತೈಲಕ್ಕೆ ಯಾವ ಸಂಬಂಧವೂ ಇಲ್ಲದ ಬೇಕರಿ, ಗ್ಯಾರೇಜು, ಸಣ್ಣ ಹೋಟೆಲ್‌ನವರಿಗೆ ತೆರಿಗೆ ಚೀಟಿ ಬಂದಾಗ ನೋಡಿದರೆ ಮೊತ್ತ ಏರಿದೆ, ಅದೂ ಗಿರಾಕಿಗಳು ಕಡಿಮೆಯಾದ ಸಮಯದಲ್ಲೇ. ನಗರಸಭೆ ಕೆಲವು ವರ್ಷ ತೇಪೆ ಹಾಕಿ ನೋಡಿತು. ಕೊನೆಗೆ 2019ರ ಜೂನ್‌ನಲ್ಲಿ ವ್ಯಾಪಾರಿಗಳು ನಗರಸಭೆಯ ಕಟ್ಟಡದ ಮುಂದೆ ಸೇರಿ ಪ್ರತಿಭಟನೆ ಮಾಡಿದರು, ನಗರಸಭೆ ತನ್ನ ಖರ್ಚಿನಲ್ಲಿ 6 ಕೋಟಿ ಕೆನಡಾ ಡಾಲರ್ ಕಡಿತ ಮಾಡಿತು. ಬೆಲೆ ಬಿದ್ದದ್ದು 2014ರಲ್ಲಿ. ಬೇಕರಿಯವರು ಬೀದಿಗೆ ಬಂದದ್ದು ಐದು ವರ್ಷದ ನಂತರ. ಆ ಹೊತ್ತಿಗೆ ತೈಲ ಬೆಲೆ ಬಿದ್ದದ್ದು ಹೊರಗಿನವರಿಗೆ ಮರೆತೇಹೋಗಿತ್ತು.

ಬ್ಯಾಂಕಿನ ದಾರಿಯೂ ಒಂದಿದೆ, ಅದು 1980ರ ದಶಕದಲ್ಲಿ ಚೆನ್ನಾಗಿ ಕಾಣಿಸಿತು. ಒಕ್ಲಹೋಮಾ ಸಿಟಿಯಲ್ಲಿ ಪೆನ್ ಸ್ಕ್ವೇರ್ ಅಂತ ಒಂದು ಬ್ಯಾಂಕ್ ಇತ್ತು, ಶಾಪಿಂಗ್ ಸೆಂಟರ್ ಒಂದರೊಳಗೆ. ಬೆಲೆ ಏರುತ್ತಲೇ ಇರುತ್ತದೆ ಅಂತ ನಂಬಿ ತೈಲ, ಗ್ಯಾಸ್ ಕೊರೆಯುವವರಿಗೆಲ್ಲ ಸಾಲ ಕೊಟ್ಟಿತು. ಕೊಟ್ಟ ಸಾಲಗಳನ್ನು ದೊಡ್ಡ ಬ್ಯಾಂಕುಗಳಿಗೆ ಮಾರಿತು. ಅಡಮಾನ ಅಂದರೆ ರಿಗ್‌ಗಳು ಮತ್ತು ನೆಲದೊಳಗಿನ ತೈಲ. ಬೆಲೆ ತಿರುಗಿದಾಗ ಸಾಲಗಾರನ ಆದಾಯವೂ ಅಡಮಾನದ ಬೆಲೆಯೂ ಒಟ್ಟಿಗೆ ಕುಸಿದವು. 1982ರ ಜುಲೈ 5ರಂದು ಬ್ಯಾಂಕ್ ಮುಚ್ಚಿತು. ಅದರಿಂದ ಸುಮಾರು 100 ಕೋಟಿ ಡಾಲರ್ ಸಾಲ ಕೊಂಡಿದ್ದ ಶಿಕಾಗೋದ ಕಾಂಟಿನೆಂಟಲ್ ಇಲಿನಾಯ್ ಬ್ಯಾಂಕನ್ನು 1984ರಲ್ಲಿ ಸರ್ಕಾರವೇ ಎತ್ತಿ ಉಳಿಸಬೇಕಾಯಿತು. ಆಮೇಲೆ 1986ರಲ್ಲಿ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂದು 10 ಡಾಲರ್ ಹತ್ತಿರ ತಲುಪಿತು. ಆ ದಶಕದಲ್ಲಿ ಹ್ಯೂಸ್ಟನ್ ನಗರ 2 ಲಕ್ಷಕ್ಕೂ ಹೆಚ್ಚು ಉದ್ಯೋಗ ಕಳೆದುಕೊಂಡಿತು, ಟೆಕ್ಸಾಸ್‌ನ ಹತ್ತು ದೊಡ್ಡ ಬ್ಯಾಂಕ್ ಸಮೂಹಗಳಲ್ಲಿ ಒಂಬತ್ತು ದಶಕ ಮುಗಿಯುವ ಹೊತ್ತಿಗೆ ಮುಳುಗಿದ್ದವು ಇಲ್ಲವೇ ಬೇರೆಯವರ ಪಾಲಾಗಿದ್ದವು. ಬ್ಯಾಂಕ್ ಹೋದರೆ ತೈಲದವನಿಗೆ ಮಾತ್ರ ಸಾಲ ನಿಲ್ಲಲ್ಲ. ಅಂಗಡಿ ಇಡಬೇಕು ಅನ್ನುವವನಿಗೂ ನಿಲ್ಲುತ್ತದೆ, ಮನೆ ಕಟ್ಟುವವನಿಗೂ ನಿಲ್ಲುತ್ತದೆ.

ಇದೆಲ್ಲ ಶ್ರೀಮಂತ ದೇಶಗಳ ಕಥೆ. ಅಲ್ಲಿ ಕೆಲಸ ಹೋದರೆ ನಿರುದ್ಯೋಗ ಭತ್ಯೆ ಸಿಗುತ್ತದೆ, ಬೇರೆ ರಾಜ್ಯಕ್ಕೆ ಹೋಗಬಹುದು. ನೈಜೀರಿಯಾ ನೋಡಿ. ಅಲ್ಲಿ ತೈಲದ ಆದಾಯ ಕೇಂದ್ರಕ್ಕೆ ಬರುತ್ತದೆ, ರಾಜಧಾನಿ ಅಬುಜಾದಲ್ಲಿ ಪ್ರತಿ ತಿಂಗಳು ಅದನ್ನು ರಾಜ್ಯಗಳಿಗೆ ಹಂಚುತ್ತಾರೆ. ಬಹಳಷ್ಟು ರಾಜ್ಯಗಳಿಗೆ ಆ ಹಂಚಿಕೆ ಬಿಟ್ಟರೆ ಹೇಳಿಕೊಳ್ಳುವಂಥ ಆದಾಯ ಇಲ್ಲ. 2015ರಲ್ಲಿ ಹಂಚಿಕೆ ಕುಗ್ಗಿದಾಗ ಒಂದರ ಹಿಂದೆ ಒಂದು ರಾಜ್ಯ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡಿತು. ಟೀಚರ್‌ಗಳಿಗೆ ಸಂಬಳ ಇಲ್ಲ, ನಿವೃತ್ತರಿಗೆ ಪಿಂಚಣಿ ಇಲ್ಲ. ಆ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ಸಂಬಳ ಕೊಡಲಿಕ್ಕೆಂದೇ ರಾಜ್ಯಗಳಿಗೆ ನೆರವು ಕೊಡಬೇಕಾಯಿತು. ಮರುವರ್ಷ ದೇಶ ಆರ್ಥಿಕ ಹಿಂಜರಿತಕ್ಕೆ ಬಿತ್ತು. ತೈಲ ಬಾವಿಯನ್ನು ಕಣ್ಣಲ್ಲೂ ಕಾಣದ ಟೀಚರ್‌ಗೆ ಸಂಬಳ ಇಲ್ಲ ಅನ್ನೋದು ನನ್ನನ್ನು ಬಹಳ ಕಾಡುತ್ತದೆ. ತೈಲ ಸಿಗುವ ನೈಜರ್ ನದೀಮುಖದ ಜನರ ಪಾಡಂತೂ ಬೇರೆಯೇ. ಬೆಲೆ ಏರಿದಾಗ ಅವರ ನೀರು, ಹೊಲ ಹಾಳಾಯಿತು, ಬೆಲೆ ಇಳಿದಾಗ ಕೆಲಸ ಹೋಯಿತು.

ವಲಸೆ ಕೆಲಸಗಾರರು ಈ ಸರಪಳಿಯ ತೀರಾ ಕೊನೆಯ ಕೊಂಡಿ. ತಜಿಕಿಸ್ತಾನದಲ್ಲಿ ತೈಲ ಹೆಚ್ಚೇನೂ ಇಲ್ಲ. ಆದರೆ 2013ರಲ್ಲಿ ಆ ದೇಶದ ಜಿಡಿಪಿಯ ಶೇ 40ಕ್ಕೂ ಹೆಚ್ಚು ಮೊತ್ತ ಹೊರಗೆ ದುಡಿಯುವವರು ಕಳಿಸುವ ಹಣದಿಂದ ಬರುತ್ತಿತ್ತು, ಅದರಲ್ಲಿ ಹೆಚ್ಚಿನದು ರಷ್ಯಾದಿಂದ. ತೈಲ ಮಾರುವ ದೇಶವಾದ ರಷ್ಯಾದ ಕರೆನ್ಸಿ ರೂಬಲ್ ತೈಲ ಬೆಲೆಯ ಜೊತೆ ಬಿತ್ತು. 2014ರ ಮಧ್ಯದಲ್ಲಿ ಡಾಲರ್‌ಗೆ 34 ರೂಬಲ್ ಆಸುಪಾಸು ಇದ್ದದ್ದು 2016ರ ಜನವರಿಯಲ್ಲಿ 80ರ ಹತ್ತಿರ. ಅಲ್ಲಿ ದುಡಿಯುವವನ ಸಂಬಳ ರೂಬಲ್‌ನಲ್ಲಿ ಅಷ್ಟೇ ಇದ್ದರೂ ಡಾಲರ್ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ. ಸೌದಿಯಲ್ಲಿ ಇನ್ನೂ ನೇರವಾಗಿಯೇ ಆಯಿತು. ತೈಲದ ಆದಾಯ ಕುಸಿದಾಗ ಸರ್ಕಾರ ಗುತ್ತಿಗೆದಾರರಿಗೆ ಕೊಡಬೇಕಾದ ಹಣ ತಡಮಾಡಿತು, ಕಟ್ಟಡ ಕಂಪನಿಗಳು ಕಾರ್ಮಿಕರ ಸಂಬಳ ನಿಲ್ಲಿಸಿದವು. 2016ರಲ್ಲಿ ಸಾವಿರಾರು ಭಾರತೀಯರೂ ಶಿಬಿರಗಳಲ್ಲಿ ಊಟಕ್ಕೂ ಗತಿ ಇಲ್ಲದೆ ಸಿಕ್ಕಿಕೊಂಡಿದ್ದರು, ಆಗ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಆ ಕಾರ್ಮಿಕರಿಗೆ ಊಟ ತಲುಪಿಸಲು, ವಾಪಸ್ ಕರೆತರಲು ಮುಂದಾಗಬೇಕಾಯಿತು.

ಹಾಗಾದರೆ ಏನು ಮಾಡಬೇಕಿತ್ತು? ‘ತೈಲ ಒಂದನ್ನೇ ನಂಬಬೇಡಿ, ಬೇರೆ ಉದ್ಯಮ ಬೆಳೆಸಿ’ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ತಪ್ಪು ಸಲಹೆ ಅಲ್ಲ, ಆದರೆ ಕೊಡುವವರು ಒಂದು ವಿಷಯ ಮರೆಯುತ್ತಾರೆ. ಭರಾಟೆಯ ಕಾಲದಲ್ಲಿ ಬೇರೆ ಉದ್ಯಮ ಬೆಳೆಯಲು ತೈಲವೇ ಬಿಡುವುದಿಲ್ಲ. ಓದು ಬಿಟ್ಟು ರಿಗ್‌ಗೆ ಹೋದರೆ ಇಪ್ಪತ್ತರ ಹುಡುಗನಿಗೆ ಅಪ್ಪನಿಗಿಂತ ಜಾಸ್ತಿ ಸಂಬಳ ಸಿಗುವ ಊರಲ್ಲಿ ಸಣ್ಣ ಕಾರ್ಖಾನೆಯವನಿಗೆ ಕೆಲಸಕ್ಕೆ ಯಾರು ಸಿಗುತ್ತಾರೆ? ಜಾಗ ಯಾವ ಬಾಡಿಗೆಗೆ ಸಿಗುತ್ತದೆ? ಬೆಲೆ ಬಿದ್ದಮೇಲೆ ಜಾಗ ಸಿಗುತ್ತದೆ, ಜನ ಸಿಗುತ್ತಾರೆ, ಬಂಡವಾಳ ಸಿಗಲ್ಲ.

ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದ ದಾರಿ ಅಂದರೆ ದುಡ್ಡು ಬರುವಾಗಲೇ ಅದನ್ನು ರಾಜಕಾರಣಿಗಳ ಕೈಗೆ ಸಿಗದಂತೆ ಕಟ್ಟಿಡೋದು. ಆಲ್ಬರ್ಟಾ 1976ರಲ್ಲೇ ಇಂಥ ನಿಧಿ ಮಾಡಿತ್ತು. ಪ್ರೀಮಿಯರ್ (ಪ್ರಾಂತ್ಯ ಸರ್ಕಾರದ ಮುಖ್ಯಸ್ಥ) ಪೀಟರ್ ಲಾಹೀಡ್ ಕಾಲದಲ್ಲಿ ತೈಲದ ರಾಜಧನದ, ಅಂದರೆ ತೈಲ ತೆಗೆಯಲು ಕಂಪನಿಗಳು ಸರ್ಕಾರಕ್ಕೆ ಕೊಡುವ ಹಣದ, ಶೇ 30 ಅದಕ್ಕೆ ಹೋಗುತ್ತಿತ್ತು. 1980ರ ದಶಕದಲ್ಲಿ ಬೆಲೆ ಬಿದ್ದಾಗ ಪಾಲು ಇಳಿಸಿದರು, 1987ರಲ್ಲಿ ಪೂರ್ತಿ ನಿಲ್ಲಿಸಿದರು. ನಾರ್ವೆ ತನ್ನ ನಿಧಿಗೆ ಮೊದಲ ಹಣ ಹಾಕಿದ್ದು 1996ರಲ್ಲಿ, ಇಪ್ಪತ್ತು ವರ್ಷ ತಡವಾಗಿ. ಆದರೂ ನಿಲ್ಲಿಸಲಿಲ್ಲ. 2016ರಲ್ಲಿ ಬೆಲೆ ತಳ ಕಂಡಾಗ ಆ ವರ್ಷ ಹಾಕಿದ್ದಕ್ಕಿಂತ ಜಾಸ್ತಿ ಹಣವನ್ನು ಮೊದಲ ಸಲ ಅದರಿಂದ ತೆಗೆಯಿತು. ನಿಧಿ ಇದ್ದ ಮಾತ್ರಕ್ಕೆ ನಾರ್ವೆಯ ತೈಲ ನಗರ ಸ್ಟಾವೆಂಗರ್‌ನ ಎಂಜಿನಿಯರ್‌ಗಳ ಕೆಲಸ ಉಳಿಯಲಿಲ್ಲ, ಸಾವಿರಾರು ಜನ ಮನೆಗೆ ಹೋದರು. ಅವರ ಮಕ್ಕಳ ಶಾಲೆ ಮಾತ್ರ ಮೊದಲಿನಂತೆಯೇ ನಡೆಯಿತು. ನೈಜೀರಿಯಾದ ಟೀಚರ್‌ಗೆ ಸಿಗದೆ ಹೋದದ್ದು ಅದೇ.

ಅಮೆರಿಕದ ಅಲಾಸ್ಕಾ ರಾಜ್ಯದ್ದು ಇವೆರಡರ ನಡುವಿನ ಕಥೆ. ಅಲ್ಲಿಯೂ 1976ರಲ್ಲಿ ನಿಧಿ ಶುರುವಾಯಿತು, 1982ರಿಂದ ಪ್ರತಿ ನಿವಾಸಿಗೂ, ಮಗುವಿಗೂ ಸೇರಿ, ವರ್ಷಕ್ಕೊಮ್ಮೆ ನೇರವಾಗಿ ಹಣ ಕೊಡುತ್ತಾರೆ. 2015ರಲ್ಲಿ ತಲಾ 2,072 ಡಾಲರ್. ರಾಜ್ಯಕ್ಕೆ ಆದಾಯ ತೆರಿಗೆ ಇಲ್ಲ, ಎಲ್ಲ ನಿಂತಿದ್ದು ತೈಲದ ಮೇಲೆ. 2016ರಲ್ಲಿ ಬಜೆಟ್ ತೂತು ದೊಡ್ಡದಾದಾಗ ಗವರ್ನರ್ ಬಿಲ್ ವಾಕರ್ ಆ ಹಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು, ತಲಾ 1,022 ಡಾಲರ್ ಬಂತು. ತೆರಿಗೆ ಹಾಕಿದ್ದರೆ ಶ್ರೀಮಂತರು ಜಾಸ್ತಿ ಕೊಡಬೇಕಿತ್ತು. ಎಲ್ಲರ ಹಣವನ್ನೂ ಸಮವಾಗಿ ಕತ್ತರಿಸಿದ್ದರಿಂದ ಐದಾರು ಮಕ್ಕಳಿರುವ ಬಡ ಮನೆಗಳಿಗೇ ಜಾಸ್ತಿ ಪೆಟ್ಟು. ಇದು ನನಗೆ ಸರಿ ಅನಿಸಲೇ ಇಲ್ಲ.

ಕೊನೆಯದಾಗಿ ಬಾವಿಗಳ ವಿಷಯ. ಬೆಲೆ ಬಿದ್ದಾಗ ಸಣ್ಣ ಕಂಪನಿಗಳು ದಿವಾಳಿ ಆಗುತ್ತವೆ, ಹಳೆ ಬಾವಿಗಳನ್ನು ಹಾಗೇ ಬಿಟ್ಟು ಹೋಗುತ್ತವೆ. ಸರಿಯಾಗಿ ಸಿಮೆಂಟ್ ಹಾಕಿ ಮುಚ್ಚದಿದ್ದರೆ ಅವು ಮೀಥೇನ್ ಸೋರುತ್ತವೆ, ಅಂತರ್ಜಲಕ್ಕೂ ಅಪಾಯ. ಆಲ್ಬರ್ಟಾದಲ್ಲಿ ಇಂಥ ಬಾವಿಗಳು ರೈತರ ಹೊಲದ ನಡುವೆಯೇ ಇವೆ. ದಿವಾಳಿಯಾದ ಕಂಪನಿ ಸಾಲ ಕೊಟ್ಟವರಿಗೆ ಹಣ ಹಂಚುವ ಮೊದಲು ಬಾವಿ ಮುಚ್ಚುವ ಹೊಣೆ ಪೂರೈಸಬೇಕು ಅಂತ ಕೆನಡಾದ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ರೆಡ್‌ವಾಟರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಳ್ಳೆ ತೀರ್ಪೇ. ಆದರೆ ಕಂಪನಿಯ ಬಳಿ ಹಂಚಲು ಏನೂ ಉಳಿದಿಲ್ಲದಿದ್ದರೆ?

2020ರಲ್ಲಿ ಕೋವಿಡ್‌ನಿಂದ ಜಗತ್ತೇ ನಿಂತು, ಏಪ್ರಿಲ್ 20ರಂದು ಅಮೆರಿಕದ ತೈಲಕ್ಕೆ ಅಳತೆಗೋಲಾದ ಡಬ್ಲ್ಯುಟಿಐ ತೈಲದ ಫ್ಯೂಚರ್ಸ್ (ಮುಂದೆ ಕೊಡಬೇಕಾದ ತೈಲದ ಒಪ್ಪಂದ) ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಇಳಿಯಿತು. ತುಂಬಿಡಲು ಜಾಗ ಸಿಗದೆ, ತೈಲ ತೆಗೆದುಕೊಂಡು ಹೋಗುವವರಿಗೇ ದುಡ್ಡು ಕೊಡುವ ಸ್ಥಿತಿ. ಅದೇ ತಿಂಗಳು ಕೆನಡಾ ಸರ್ಕಾರ ಪಶ್ಚಿಮದ ಮೂರು ಪ್ರಾಂತ್ಯಗಳಲ್ಲಿ ಹಳೆ ಬಾವಿಗಳನ್ನು ಮುಚ್ಚಲು ಸುಮಾರು 170 ಕೋಟಿ ಕೆನಡಾ ಡಾಲರ್ ಘೋಷಿಸಿತು. ಕೆಲಸ ಇಲ್ಲದೆ ಕೂತಿದ್ದ, ಬಾವಿ ದುರಸ್ತಿ ಮಾಡುವ ಸರ್ವಿಸ್ ರಿಗ್‌ಗಳ ತಂಡಗಳೇ ಅದನ್ನು ಮಾಡಬಹುದಿತ್ತು, ಯಂತ್ರ ಅದೇ, ಕೈಗಳೂ ಅವೇ. ತೈಲ ಊರಿಗೆ ಬೆಲೆ ಬಿದ್ದಾಗ ಕೊಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಬೇಸರ ಇರೋದು ದುಡ್ಡು ಬಂದ ಜಾಗದ ಬಗ್ಗೆ. ಬ್ಯಾರೆಲ್ 100 ಡಾಲರ್ ಇದ್ದಾಗಲೇ ಪ್ರತಿ ಬಾವಿಗೂ ಮುಚ್ಚುವ ಪೂರ್ತಿ ಖರ್ಚನ್ನು ಕಂಪನಿಗಳಿಂದ ಠೇವಣಿಯಾಗಿ ಕಟ್ಟಿಸಿಕೊಂಡಿದ್ದರೆ ಈ 170 ಕೋಟಿ ತೆರಿಗೆ ಕಟ್ಟುವವರ ಜೇಬಿನಿಂದ ಬರಬೇಕಿರಲಿಲ್ಲ, ಆ ತಂಡಗಳಿಗೂ 2015ರಲ್ಲೇ ಕೆಲಸ ಸಿಗುತ್ತಿತ್ತು.